ಡಿವೈಡ್: ಪಕ್ಕದ ಪುಟ್ಟ ಪದ ನೋಡಿ ಬಳಸಿ

ಅಪಾರ್ಟ್‌ಮೆಂಟಿನ ನೀರಿನ ಬಿಲ್ 36,000 ರೂಪಾಯಿ. ಮನೆಗಳು 24. ತಲಾ 1,500. ಕನ್ನಡದಲ್ಲಾದರೆ "ಬಿಲ್ಲನ್ನು ಇಪ್ಪತ್ನಾಲ್ಕು ಮನೆಗೆ ಹಂಚಿದ್ದೇವೆ" ಅಂದರೆ ಮುಗಿಯಿತು. ಅದನ್ನೇ ನೋಟಿಸ್ ಬೋರ್ಡಿಗೆ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಪೆನ್ನು ನಿಲ್ಲುತ್ತದೆ. ಡಿವೈಡ್ ಅನ್ನುವ ಪದ ಗೊತ್ತು, ಅರ್ಥವೂ ಗೊತ್ತು. ಅದರ ಬೆನ್ನಿಗೆ ಬರಬೇಕಾದ್ದು ಬೈಯೋ, ಇನ್‌ಟುವೋ, ಟುವೋ, ಅಮಾಂಗೋ ಅನ್ನುವುದು ಗೊತ್ತಿಲ್ಲ. ಈ ಪದದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಆ ಪುಟ್ಟ ಪದದಲ್ಲೇ ಆಗುತ್ತವೆ. ಅದಕ್ಕೇ ಡಿವೈಡ್ ಅನ್ನು ಒಂಟಿಯಾಗಿ ಕಲಿಯಬೇಡಿ. ಅದರ ಜೊತೆಗಾರನನ್ನೂ ಸೇರಿಸಿ ಕಲಿಯಿರಿ.

ಅದೇ ಬಿಲ್ಲನ್ನು ಮೂರು ರೀತಿ ಬರೆದು ನೋಡೋಣ.

"ಡಿವೈಡ್ 36,000 ಬೈ 24." ಇದು ಲೆಕ್ಕ. ಬೈ ಆದಮೇಲೆ ಬರಿಯ ಸಂಖ್ಯೆ ಬರುತ್ತದೆ.

"ದ ಬಿಲ್ ಈಸ್ ಡಿವೈಡೆಡ್ ಇನ್‌ಟು 24 ಈಕ್ವಲ್ ಶೇರ್ಸ್." ಇದು ತುಂಡು ಮಾಡಿದ ಮಾತು. ಇನ್‌ಟು ಆದಮೇಲೆ ಆದ ತುಂಡುಗಳು ಬರುತ್ತವೆ.

"ದ ಬಿಲ್ ಈಸ್ ಡಿವೈಡೆಡ್ ಅಮಾಂಗ್ 24 ಫ್ಲ್ಯಾಟ್ಸ್." ಇದು ಹಂಚಿದ ಮಾತು. ಅಮಾಂಗ್ ಆದಮೇಲೆ ಪಾಲು ಪಡೆಯುವವರು ಅಥವಾ ಹೊರುವವರು ಬರುತ್ತಾರೆ.

ಮೂರರಲ್ಲೂ ಉತ್ತರ 1,500. ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವ ಹಾಗಿಲ್ಲ. "ಡಿವೈಡೆಡ್ ಬೈ 24 ಫ್ಲ್ಯಾಟ್ಸ್" ಎಂದು ಬರೆದರೆ, ಇಪ್ಪತ್ನಾಲ್ಕು ಮನೆಯವರು ಸೇರಿ ಬಿಲ್ಲನ್ನು ಭಾಗ ಮಾಡಿದರು ಎಂಬ ಅರ್ಥಕ್ಕೂ ವಾಕ್ಯ ಜಾರುತ್ತದೆ. "ಡಿವೈಡೆಡ್ ಟು 24 ಫ್ಲ್ಯಾಟ್ಸ್" ಅನ್ನುವುದಂತೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಆ "ಟು" ನಮ್ಮ ಬಾಯಿಗೆ ಎಲ್ಲಿಂದ ಬಂತು? "ಮನೆಗೆ", "ಮಕ್ಕಳಿಗೆ" ಅನ್ನುವ ಚತುರ್ಥಿ ವಿಭಕ್ತಿಯಿಂದ. ನಮ್ಮ "ಹಂಚು" ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ: ಪಾಲು ಮಾಡುವುದು, ಆ ಪಾಲನ್ನು ಕೈಗೆ ಕೊಡುವುದು. ಇಂಗ್ಲಿಷಿನಲ್ಲಿ ಪಾಲು ಮಾಡುವುದಕ್ಕೆ ಡಿವೈಡ್, ಕೈಗೆ ಕೊಡುವುದಕ್ಕೆ ಡಿಸ್ಟ್ರಿಬ್ಯೂಟ್. ದೇವಸ್ಥಾನದಲ್ಲಿ ಸಾಲಾಗಿ ನಿಂತವರಿಗೆ ಲಾಡು ಕೊಡುತ್ತಿದ್ದರೆ ಅದು "ಡಿಸ್ಟ್ರಿಬ್ಯೂಟಿಂಗ್ ಲಡ್ಡೂಸ್ ಟು ಡಿವೋಟೀಸ್". ಅಲ್ಲಿ ಟು ಸರಿ. ಮನೆಯಲ್ಲಿ 20 ಲಾಡನ್ನು ಐದು ಮಕ್ಕಳಿಗೆ ನಾಲ್ಕು ನಾಲ್ಕರಂತೆ ಲೆಕ್ಕ ಹಾಕಿ ಇಟ್ಟರೆ ಅದು "ಡಿವೈಡಿಂಗ್ ದ ಲಡ್ಡೂಸ್ ಅಮಾಂಗ್ ದ ಚಿಲ್ಡ್ರನ್". ವಾಕ್ಯದಲ್ಲಿ ಟು ಬೇಕೇಬೇಕು ಅನ್ನಿಸಿದರೆ, ನಿಮಗೆ ಬೇಕಾದ ಕ್ರಿಯಾಪದ ಡಿವೈಡ್ ಅಲ್ಲ ಎಂದು ತಿಳಿಯಿರಿ.

ಬೈ ಬಂದರೆ ಮುಂದಿನ ಪದ ನೋಡಿ

"ಡಿವೈಡೆಡ್ ಬೈ" ಕಂಡ ತಕ್ಷಣ ಲೆಕ್ಕ ಅಂದುಕೊಳ್ಳಬೇಡಿ. ಅದರ ಮುಂದೆ ಏನಿದೆ ಎಂಬುದು ಅರ್ಥವನ್ನು ತೀರ್ಮಾನಿಸುತ್ತದೆ. ಸಂಖ್ಯೆ ಇದ್ದರೆ ಭಾಗಾಕಾರ. ವ್ಯಕ್ತಿ ಇದ್ದರೆ ಭಾಗ ಮಾಡಿದವರು: "ದ ಲ್ಯಾಂಡ್ ವಾಸ್ ಡಿವೈಡೆಡ್ ಬೈ ದ ಗ್ರ್ಯಾಂಡ್‌ಫಾದರ್" ಅಂದರೆ ಜಮೀನನ್ನು ಅಜ್ಜ ಪಾಲು ಮಾಡಿದರು. ವಸ್ತು ಇದ್ದರೆ ಎರಡರ ನಡುವೆ ಇರುವಂಥದ್ದು: "ದ ಟು ವಿಲೇಜಸ್ ಆರ್ ಡಿವೈಡೆಡ್ ಬೈ ಎ ರಿವರ್" ಅಂದರೆ ಎರಡು ಊರಿನ ನಡುವೆ ಹೊಳೆ ಇದೆ. ಸಂಗತಿ ಇದ್ದರೆ ಒಡಕಿನ ಕಾರಣ: "ದ ಫ್ಯಾಮಿಲಿ ವಾಸ್ ಡಿವೈಡೆಡ್ ಬೈ ದ ಕೇಸ್" ಅಂದರೆ ಕೋರ್ಟು ಕೇಸಿನಿಂದ ಮನೆ ಒಡೆಯಿತು. ಕನ್ನಡದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಟ್ಟು ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ಬೈ ಎಲ್ಲವನ್ನೂ ಹೊರುತ್ತದೆ.

ಭಾಗಾಕಾರದ ಬೈಗೆ ನಮ್ಮಲ್ಲಿ ಇನ್ನೊಂದು ಬದುಕೇ ಇದೆ. ಹೋಟೆಲಿನಲ್ಲಿ "ಬೈ ಟು ಕಾಫಿ" ಅಂದರೆ ಒಂದು ಕಾಫಿ, ಎರಡು ಲೋಟ. ಒಂದು ಭಾಗಿಸು ಎರಡು ಎಂಬ ಲೆಕ್ಕವೇ ಅದು. ಆದರೆ ಲಂಡನ್ನಿನಲ್ಲೋ ಶಿಕಾಗೋದಲ್ಲೋ ಕೌಂಟರಿನಲ್ಲಿ ನಿಂತು "ಒನ್ ಬೈ ಟು" ಅಂದರೆ ತಿಳಿಯುವುದಿಲ್ಲ. ಅಲ್ಲಿ "ಒನ್ ಕಾಫಿ, ಸ್ಪ್ಲಿಟ್ ಇನ್‌ಟು ಟು ಕಪ್ಸ್, ಪ್ಲೀಸ್" ಎನ್ನಬೇಕು. ಅರ್ಧವನ್ನು "ಒನ್ ಬೈ ಟು" ಎಂದು ಓದುವುದೂ ನಮ್ಮ ಶಾಲೆಗಳ ರೂಢಿ. ಬ್ರಿಟನ್, ಅಮೆರಿಕದಲ್ಲಿ "ಎ ಹಾಫ್" ಅಥವಾ "ಒನ್ ಓವರ್ ಟು". ಅವರ ಕಿವಿಗೆ "ತ್ರೀ ಬೈ ಫೋರ್" ಅಂದರೆ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ ಎಂಬ ಅಳತೆ. ನಮ್ಮಲ್ಲೂ "ಥರ್ಟಿ ಫಾರ್ಟಿ ಸೈಟ್" ಅನ್ನುವಾಗ ನಡುವೆ ಅಡಗಿರುವುದು ಇದೇ ಅಳತೆಯ ಬೈ. ಅದು 30 ಗುಣಿಸು 40, ಅಂದರೆ 1,200 ಚದರಡಿ. ಒಂದೇ ಬೈ ಒಂದು ಕಡೆ ಭಾಗಿಸುತ್ತದೆ, ಇನ್ನೊಂದು ಕಡೆ ಗುಣಿಸುತ್ತದೆ.

ಪಹಣಿಯಲ್ಲಿ ಬರುವ ಬೈ ಈ ಎರಡೂ ಅಲ್ಲ. ಸರ್ವೆ ನಂಬರ್ 45/2 ಎಂಬುದನ್ನು "ನಲವತ್ತೈದು ಬೈ ಎರಡು" ಎಂದು ಓದುತ್ತೇವೆ. ಅಲ್ಲಿ ಯಾವ ಭಾಗಾಕಾರವೂ ನಡೆದಿಲ್ಲ. 45ನೇ ಸರ್ವೆ ನಂಬರಿನ 2ನೇ ಹಿಸ್ಸಾ ಎಂದಷ್ಟೇ ಅರ್ಥ. ಅದನ್ನು ಇಂಗ್ಲಿಷ್ ಪತ್ರದಲ್ಲಿ "ಸರ್ವೆ ನಂಬರ್ 45, ಹಿಸ್ಸಾ 2" ಎಂದೇ ಬಿಡಿಸಿ ಬರೆಯುವುದು ಒಳ್ಳೆಯದು. ಒಂದು ಸರ್ವೆ ನಂಬರನ್ನು ಹೀಗೆ ಒಡೆಯುವುದಕ್ಕೆ ನಾವು ಪೋಡಿ ಎನ್ನುತ್ತೇವೆ. ಇಂಗ್ಲಿಷ್ ದಾಖಲೆಯಲ್ಲಿ ಇದಕ್ಕೆ "ಸಬ್‌ಡಿವಿಷನ್ ಆಫ್ ಎ ಸರ್ವೆ ನಂಬರ್" ಎನ್ನಿ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವುದು ಪಾರ್ಟಿಷನ್. ಅದರ ಕಾಗದ ಪಾರ್ಟಿಷನ್ ಡೀಡ್, ನಮ್ಮ ವಿಭಾಗ ಪತ್ರ. ಪೋಡಿಯನ್ನು ಪಾರ್ಟಿಷನ್ ಎಂದೋ, ಪಾರ್ಟಿಷನ್ನನ್ನು ಡಿವಿಷನ್ ಎಂದೋ ಅನುವಾದಿಸಿದರೆ ಓದುವ ವಕೀಲರು ಬೇರೆಯೇ ಕಾಗದ ಕೇಳುತ್ತಾರೆ.

ಇನ್‌ಟು: ಎಲ್ಲಕ್ಕಿಂತ ದೊಡ್ಡ ಹಳ್ಳ

ನಮ್ಮ ಶಾಲೆಗಳಲ್ಲಿ ಗುಣಾಕಾರದ ಚಿಹ್ನೆಯನ್ನೇ "ಇನ್‌ಟು" ಎನ್ನುತ್ತೇವೆ. "ಫೈವ್ ಇನ್‌ಟು ಟು ಈಕ್ವಲ್ಸ್ ಟೆನ್." ಈ ರೂಢಿ ಬುಡವಿಲ್ಲದ್ದಲ್ಲ. ಹಳೆಯ ಇಂಗ್ಲಿಷ್ ಬೀಜಗಣಿತದಲ್ಲಿ ಗುಣಿಸುವುದಕ್ಕೂ ಇನ್‌ಟು ಬಳಕೆಯಲ್ಲಿತ್ತು. ಇಂಗ್ಲಿಷರ ನಾಡಿನಲ್ಲಿ ಅದು ಬಿಟ್ಟುಹೋಯಿತು, ನಮ್ಮಲ್ಲಿ ಉಳಿಯಿತು. ಇಂದಿನ ಬ್ರಿಟನ್, ಅಮೆರಿಕದವರಿಗೆ ಸಂಖ್ಯೆಗಳ ನಡುವಿನ ಇನ್‌ಟು ಅಂದರೆ ಭಾಗಾಕಾರ. "ಫೋರ್ ಇನ್‌ಟು ಟ್ವೆಲ್ವ್" ಎಂದು ನೀವು ಹೇಳಿದರೆ ನಿಮ್ಮ ಮನಸ್ಸಿನಲ್ಲಿ 48, ಕೇಳಿದವರ ಮನಸ್ಸಿನಲ್ಲಿ 3. ನಾಲ್ಕು ಹನ್ನೆರಡರೊಳಗೆ ಎಷ್ಟು ಸಲ ಹೋಗುತ್ತದೆ ಎಂಬುದು ಅವರ ಎಣಿಕೆ. ಪೂರ್ತಿ ವಾಕ್ಯ "ಫೋರ್ ಗೋಸ್ ಇನ್‌ಟು ಟ್ವೆಲ್ವ್ ತ್ರೀ ಟೈಮ್ಸ್".

ವಿದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಅಳತೆ, ಪ್ರಮಾಣ, ದರ ಮಾತಾಡುವವರು ಗುಣಾಕಾರಕ್ಕೆ "ಟೈಮ್ಸ್" ಅಥವಾ "ಮಲ್ಟಿಪ್ಲೈಡ್ ಬೈ" ಎಂದೇ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಮಕ್ಕಳಿಗೆ ಮನೆಪಾಠ ಹೇಳುವಾಗಲೂ ಆಗಾಗ "ಟೈಮ್ಸ್" ಎಂದು ಓದಿ ತೋರಿಸಿ. ಮುಂದೆ ಹೊರನಾಡಿಗೆ ಓದಲು ಹೋದಾಗ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಗೊಂದಲ ಇದರ ಪಕ್ಕದ್ದೇ. "ಡಿವೈಡ್ 12 ಬೈ 4" ಅಂದರೆ 3. "ಡಿವೈಡ್ 4 ಇನ್‌ಟು 12" ಅಂದರೂ 3! ಬೈ ಇದ್ದಾಗ ಭಾಜ್ಯ ಮೊದಲು, ಭಾಜಕ ಆಮೇಲೆ. ಇನ್‌ಟು ಇದ್ದಾಗ ತಿರುಗುಮುರುಗು. ಎರಡನೆಯದನ್ನು ಕೇಳಿ ಅರ್ಥ ಮಾಡಿಕೊಂಡರೆ ಸಾಕು, ನೀವು ಬಳಸುವ ಅಗತ್ಯ ಇಲ್ಲ. ವಸ್ತುಗಳ ವಿಷಯದಲ್ಲಿ ಈ ತೊಡಕಿಲ್ಲ: "ಡಿವೈಡ್ ದ ಡೋ ಇನ್‌ಟು 12 ಬಾಲ್ಸ್" ಅಂದರೆ ಕಲಸಿದ ಹಿಟ್ಟನ್ನು ಹನ್ನೆರಡು ಉಂಡೆ ಮಾಡಿ ಎಂದೇ. ಅಡುಗೆಯ ಬರಹಗಳಲ್ಲಿ ಸಾಮಗ್ರಿಯ ಪಟ್ಟಿಯಲ್ಲಿ "2 ಕಪ್ಸ್ ಶುಗರ್, ಡಿವೈಡೆಡ್" ಎಂದು ಇರುತ್ತದೆ. ಹೊಸಬರು ಇಲ್ಲಿ ಎಡವಿ ಎರಡು ಕಪ್ಪನ್ನೂ ಮೊದಲ ಹಂತದಲ್ಲೇ ಸುರಿದುಬಿಡುತ್ತಾರೆ. ಪಟ್ಟಿಯಲ್ಲಿ ಡಿವೈಡೆಡ್ ಇದ್ದರೆ ಆ ಸಾಮಗ್ರಿ ಒಂದಕ್ಕಿಂತ ಹೆಚ್ಚು ಕಡೆ ಬೇಕು, ಎಲ್ಲಿ ಎಷ್ಟು ಎಂಬುದು ಕೆಳಗಿನ ಹಂತಗಳಲ್ಲಿದೆ ಎಂದು ಅರ್ಥ. ಸಮಪಾಲು ಎಂದೇನೂ ಅಲ್ಲ. ಒಂದೂವರೆ ಕಪ್ ಮೊದಲು, ಅರ್ಧ ಕಪ್ ಕೊನೆಗೆ ಇರಬಹುದು.

ಇನ್‌ಟು ಇರಬೇಕಾದ ಕಡೆ ಬರಿಯ "ಇನ್" ಹಾಕುವುದು "ಮೂರು ಭಾಗದಲ್ಲಿ" ಎಂಬ ಸಪ್ತಮಿಯ ನೆರಳು. "ಡಿವೈಡ್ ಇನ್ ತ್ರೀ ಪಾರ್ಟ್ಸ್" ಬೇಡ, "ಇನ್‌ಟು ತ್ರೀ ಪಾರ್ಟ್ಸ್" ಬರೆಯಿರಿ. ಇನ್ ಸಲ್ಲುವ ಜಾಗವೂ ಇದೆ: "ಡಿವೈಡ್ ಇಟ್ ಇನ್ ಹಾಫ್", "ಇನ್ ಟು" (ಇಲ್ಲಿ ಟು ಅಂದರೆ ಎರಡು). ಇವು ಕಟ್ಟುಮಾತುಗಳು, ಇದ್ದ ಹಾಗೇ ಬಾಯಿಗೆ ತಂದುಕೊಳ್ಳಿ.

ಆ "ಇನ್ ಹಾಫ್" ಮೇಲೆ ಒಂದು ನಿಮಿಷ ನಿಲ್ಲಬೇಕು. "ಡಿವೈಡ್ 30 ಇನ್ ಹಾಫ್" ಅಂದರೆ 15. "ಡಿವೈಡ್ 30 ಬೈ ಹಾಫ್" ಅಂದರೆ 60. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು "ಮೂವತ್ತನ್ನು ಅರ್ಧದಿಂದ ಭಾಗಿಸಿ ಹತ್ತು ಕೂಡಿಸಿ" ಎಂಬ ಒಗಟನ್ನು ಕೇಳಿರುತ್ತಾರೆ. ಉತ್ತರ 25 ಅಲ್ಲ, 70. ಏಕೆಂದರೆ ಅರ್ಧದಿಂದ ಭಾಗಿಸುವುದೆಂದರೆ ಮೂವತ್ತರಲ್ಲಿ ಎಷ್ಟು ಅರ್ಧಗಳಿವೆ ಎಂದು ಎಣಿಸುವುದು. ಮೂವತ್ತು ರೊಟ್ಟಿಯಲ್ಲಿ ಅರ್ಧರ್ಧ ರೊಟ್ಟಿ ಎಷ್ಟು? ಅರವತ್ತು. ಬೈ ಕೇಳುವುದು "ಎಷ್ಟು ಸಲ", ಇನ್ ಕೇಳುವುದು "ಎಷ್ಟು ತುಂಡು". ಇದು ಕೈಗೆ ಸಿಕ್ಕರೆ ಗಣಿತದ ಅರ್ಧ ಭಯ ಹೋಗುತ್ತದೆ.

ಲೆಕ್ಕವನ್ನು ಗಟ್ಟಿಯಾಗಿ ಓದುವ ಕ್ರಮ

17 ÷ 5 ಅನ್ನು "ಸೆವೆಂಟೀನ್ ಡಿವೈಡೆಡ್ ಬೈ ಫೈವ್ ಈಸ್ ತ್ರೀ, ರಿಮೇಂಡರ್ ಟು" ಎಂದು ಓದಿ. 17 ಡಿವಿಡೆಂಡ್ ಅಂದರೆ ಭಾಜ್ಯ, 5 ಡಿವೈಸರ್ ಅಂದರೆ ಭಾಜಕ, 3 ಕೋಶಂಟ್ ಅಂದರೆ ಭಾಗಲಬ್ಧ, 2 ರಿಮೇಂಡರ್ ಅಂದರೆ ಶೇಷ. ದಶಮಾಂಶದಲ್ಲಾದರೆ "ತ್ರೀ ಪಾಯಿಂಟ್ ಫೋರ್". ಶೇಷ 2 ಇದೆ ಎಂದು "ತ್ರೀ ಪಾಯಿಂಟ್ ಟು" ಎಂದು ಬರೆಯುವ ಮಕ್ಕಳಿದ್ದಾರೆ. ಆ ಎರಡನ್ನು ಮತ್ತೆ ಐದರಿಂದ ಭಾಗಿಸಬೇಕು ಎಂದು ನೆನಪಿಸಿ. ನಾವು ಬಳಸುವ ಈ ಮೇಲೊಂದು ಕೆಳಗೊಂದು ಚುಕ್ಕಿಯ ಗೀಟನ್ನು ಭಾಗಾಕಾರಕ್ಕೆ ಮೊದಲು ಅಚ್ಚಿಗೆ ತಂದವನು ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ. ಯುರೋಪಿನ ಹಲವು ಕಡೆ ಇಂದಿಗೂ ಬರಿಯ ಎರಡು ಚುಕ್ಕಿಯೇ ಭಾಗಾಕಾರದ ಗುರುತು. ಜರ್ಮನಿಯಲ್ಲಿ ಓದುವ ಮಕ್ಕಳ ನೋಟ್‌ಬುಕ್ಕಿನಲ್ಲಿ 12:4 ಕಂಡರೆ ಅದನ್ನು ನಮ್ಮ ಅನುಪಾತ ಎಂದು ತಿದ್ದಲು ಹೋಗಬೇಡಿ.

"20 ಈಸ್ ಡಿವಿಸಿಬಲ್ ಬೈ 5" ಅಂದರೆ ಶೇಷವಿಲ್ಲದೆ ಭಾಗವಾಗುತ್ತದೆ. ಪಿಯುಸಿ ಮೇಲಿನ ಗಣಿತದಲ್ಲಿ ಅದನ್ನೇ "5 ಡಿವೈಡ್ಸ್ 20" ಎನ್ನುತ್ತಾರೆ. ಚಿಕ್ಕ ಸಂಖ್ಯೆ ಕರ್ತೃವಿನ ಜಾಗದಲ್ಲಿ ಬಂದಿರುವುದನ್ನು ಕಂಡು "5 ಭಾಗಿಸು 20" ಎಂದು ಓದಿದರೆ ಕಾಲು ಬರುತ್ತದೆ, ಪ್ರಮೇಯ ಪೂರ್ತಿ ಕೈತಪ್ಪುತ್ತದೆ. ಇಲ್ಲಿ ಡಿವೈಡ್ಸ್ ಎಂಬುದು ಮಾಡುವ ಕೆಲಸವನ್ನು ಹೇಳುತ್ತಿಲ್ಲ, ಎರಡು ಸಂಖ್ಯೆಗಳ ಸಂಬಂಧವನ್ನು ಹೇಳುತ್ತಿದೆ: ಐದು ಇಪ್ಪತ್ತನ್ನು ನಿಶ್ಶೇಷವಾಗಿ ಭಾಗಿಸುತ್ತದೆ.

ಬಿಟ್ವೀನ್, ಅಮಾಂಗ್

ಇಬ್ಬರಾದರೆ ಬಿಟ್ವೀನ್, ಮೂವರು ಅಥವಾ ಹೆಚ್ಚಾದರೆ ಅಮಾಂಗ್: ಇದು ಶಾಲೆಯ ನಿಯಮ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಇದನ್ನೇ ಪಾಲಿಸಿ, ಅಂಕ ಕಳೆದುಕೊಳ್ಳಬೇಡಿ. ಆದರೆ ಇಂಗ್ಲಿಷ್ ಮಾತಾಡುವವರು ಹೆಸರು ಹಿಡಿದು ಹೇಳುವಾಗ ಮೂವರಿಗೂ ಬಿಟ್ವೀನ್ ಬಳಸುತ್ತಾರೆ: "ಡಿವೈಡೆಡ್ ಬಿಟ್ವೀನ್ ರವಿ, ಸಲ್ಮಾ ಅಂಡ್ ಗೀತಾ". ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕಂಡರೆ ಬಿಟ್ವೀನ್, ಗುಂಪಾಗಿ ಕಂಡರೆ ಅಮಾಂಗ್. ಇಂಗ್ಲಿಷ್ ಪತ್ರಿಕೆಯಲ್ಲಿ ಇದನ್ನು ಕಂಡು ತಪ್ಪು ಎಂದು ಸುತ್ತು ಹಾಕುವ ಅಗತ್ಯವಿಲ್ಲ. "ಬಿಟ್ವೀನ್" ಜೊತೆ ಎರಡು ಹೆಸರು ಬಂದಾಗ ನಡುವೆ "ಅಂಡ್" ಇರಬೇಕು, "ಟು" ಅಲ್ಲ. "ಶಿ ಡಿವೈಡ್ಸ್ ಹರ್ ಟೈಮ್ ಬಿಟ್ವೀನ್ ಮೈಸೂರು ಅಂಡ್ ಟೊರೊಂಟೊ" ಎಂದರೆ ಆರು ತಿಂಗಳು ಇಲ್ಲಿ, ಆರು ತಿಂಗಳು ಮಗನ ಮನೆಯಲ್ಲಿ ಇರುವ ನಮ್ಮ ಎಷ್ಟೋ ತಾಯಂದಿರ ಬದುಕನ್ನು ಒಂದೇ ವಾಕ್ಯದಲ್ಲಿ ಹೇಳಿದಂತೆ.

ಅಭಿಪ್ರಾಯ ಒಡೆದಾಗ "ಆನ್" ಅಥವಾ "ಓವರ್": "ದ ಕಮಿಟಿ ಈಸ್ ಡಿವೈಡೆಡ್ ಓವರ್ ದ ನ್ಯೂ ಬೋರ್‌ವೆಲ್". ಒಂದನ್ನು ಇನ್ನೊಂದರಿಂದ ದೂರ ಇಟ್ಟಾಗ "ಫ್ರಮ್": "ಎ ವಾಲ್ ಡಿವೈಡ್ಸ್ ದ ಟೆಂಪಲ್ ಫ್ರಮ್ ದ ರೋಡ್". ಇವೆರಡರಲ್ಲಿ ತಪ್ಪುವವರು ಕಡಿಮೆ.

ಶೇರ್, ಸ್ಪ್ಲಿಟ್, ಸೆಪರೇಟ್: ನೆಂಟರು, ಒಂದೇ ಅಲ್ಲ

ಒಂದು ಕೋಣೆ, ಇಬ್ಬರು ಹುಡುಗರು. "ದೇ ಶೇರ್ಡ್ ದ ರೂಮ್" ಅಂದರೆ ಇಬ್ಬರೂ ಒಟ್ಟಿಗೆ ಇದ್ದರು. ಕೋಣೆ ಇಡಿಯಾಗಿಯೇ ಉಳಿದಿದೆ. "ದೇ ಡಿವೈಡೆಡ್ ದ ರೂಮ್" ಅಂದರೆ ನಡುವೆ ಬೀರುವೋ ಪರದೆಯೋ ಬಂತು. ಈ ಒಂದು ಜೋಡಿ ನೆನಪಿದ್ದರೆ "ಐ ವಿಲ್ ಡಿವೈಡ್ ಮೈ ಲಂಚ್ ವಿತ್ ಯು" ಎಂಬ ವಾಕ್ಯ ನಿಮ್ಮಿಂದ ಬರುವುದಿಲ್ಲ. ಬುತ್ತಿ ಹಂಚಿಕೊಂಡು ತಿನ್ನುವುದು ಶೇರ್. ಅನುಭವ, ಸುಖದುಃಖ, ಫೋಟೊ ಎಲ್ಲವೂ ಶೇರ್. ಹಂಚಿಕೊಂಡರೂ ಕಡಿಮೆಯಾಗದ ಯಾವುದಕ್ಕೂ ಡಿವೈಡ್ ಹೊಂದುವುದಿಲ್ಲ.

ಸ್ಪ್ಲಿಟ್ ಸೀಳುವ ಪದ. ಸೌದೆ ಸೀಳುವುದು, ಬಟ್ಟೆಯ ಹೊಲಿಗೆ ಬಿರಿಯುವುದು, ಪಕ್ಷ ಹೋಳಾಗುವುದು, ತೊಗರಿಯನ್ನು ಒಡೆದು ಬೇಳೆ ಮಾಡುವುದು ಎಲ್ಲದರಲ್ಲೂ ಒಂದು ಗೆರೆಯ ಗುಂಟ ಎರಡಾಗುವ ಚಿತ್ರವಿದೆ. ಒಳಗೊಂದು ಹೊರಗೊಂದು ಪೆಟ್ಟಿಗೆಯಾಗಿರುವ ಏಸಿಗೆ ಸ್ಪ್ಲಿಟ್ ಎಂದು ಹೆಸರು ಬಂದದ್ದೂ ಹೀಗೇ. ಹೋಟೆಲ್ ಬಿಲ್ಲಿಗೆ ಆಡುಮಾತಿನಲ್ಲಿ ಸ್ಪ್ಲಿಟ್ಟೇ ಸಹಜ: ಐವರು ಉಂಡ 1,250 ರೂಪಾಯಿಯ ಬಿಲ್ಲಿಗೆ "ಲೆಟ್ಸ್ ಸ್ಪ್ಲಿಟ್ ಇಟ್ ಫೈವ್ ವೇಸ್" ಅಂದರೆ ತಲಾ 250. ಭೂತಕಾಲದಲ್ಲೂ ಅದು ಸ್ಪ್ಲಿಟ್ಟೇ. "ಸ್ಪ್ಲಿಟೆಡ್" ಎಂಬ ರೂಪವಿಲ್ಲ. ಗಂಡಹೆಂಡತಿ ಬೇರೆಯಾದರೆ "ಸ್ಪ್ಲಿಟ್ ಅಪ್" ಅಥವಾ "ಸೆಪರೇಟೆಡ್". ಡಿವೈಡೆಡ್ ಎಂದೂ ಅಲ್ಲ.

ಸೆಪರೇಟ್ ಅನ್ನುವಾಗ ಬೆರೆತಿರುವ, ಆದರೆ ಬೇರೆ ಜಾತಿಯ ಎರಡು ವಸ್ತು ಇರಬೇಕು. ಕಲ್ಲನ್ನು ಅಕ್ಕಿಯಿಂದ ಬೇರ್ಪಡಿಸಬಹುದು; ಅಕ್ಕಿಯನ್ನು ಎರಡು ಚೀಲಕ್ಕೆ ಹಾಕಿದರೆ ಅದು ಡಿವೈಡ್. ಹಸಿಕಸ ಒಣಕಸ ಬೇರೆ ಮಾಡುವುದಕ್ಕೆ ಬೆಂಗಳೂರಿನ ಪ್ರಕಟಣೆಗಳಲ್ಲಿ ಸೆಗ್ರಿಗೇಟ್ ಎಂದಿರುತ್ತದೆ, ಅದೂ ಈ ಜಾತಿಯದೇ. ಇಡ್ಲಿಗೆ ಸಾಂಬಾರ್ ಡಿಪ್ಪೋ ಸಪರೇಟೋ ಎಂದು ನಮ್ಮ ಹೋಟೆಲಿನಲ್ಲಿ ಕೇಳುವ ಸಪರೇಟ್ ಸರಿಯಾದ ಬಳಕೆಯೇ. ಹೊರದೇಶದ ಹೋಟೆಲಿನಲ್ಲಿ ಮಾತ್ರ "ಆನ್ ದ ಸೈಡ್" ಎನ್ನಿ.

ಡಿವಿಷನ್‌ಗೆ ಕನ್ನಡದಲ್ಲಿ ಎಷ್ಟು ಪದ?

ಅನುವಾದ ಮಾಡುವವರು, ಅರ್ಜಿ ಬರೆಯುವವರು ಇಲ್ಲಿ ನಿಧಾನಿಸಬೇಕು. ನಿಘಂಟು ತೆರೆದು ವಿಭಾಗ ಎಂದು ಎಲ್ಲ ಕಡೆ ಹಾಕಿದರೆ ಆಗದು. ಕಂದಾಯ ಆಡಳಿತದಲ್ಲಿ ಡಿವಿಷನ್ ಎಂದರೆ ವಿಭಾಗವೇ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು. ಅದರ ಕೆಳಗೆ ಜಿಲ್ಲೆ, ಜಿಲ್ಲೆಯ ಒಳಗೆ ಸಹಾಯಕ ಆಯುಕ್ತರ ಉಪವಿಭಾಗ. ನೈಋತ್ಯ ರೈಲ್ವೆಯಲ್ಲೂ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗ. ಆದರೆ ಎಫ್‌ಡಿಎ, ಎಸ್‌ಡಿಎ ಎಂದು ಎಲ್ಲರ ಬಾಯಲ್ಲಿರುವ ಹುದ್ದೆಗಳಲ್ಲಿ ನಡುವಿನ "ಡಿ" ಡಿವಿಷನ್ನೇ ಆದರೂ ಕನ್ನಡದಲ್ಲಿ ಅದು ದರ್ಜೆ: ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ. ಸಿವಿಲ್ ನ್ಯಾಯಾಧೀಶರ ಸೀನಿಯರ್ ಡಿವಿಷನ್, ಜೂನಿಯರ್ ಡಿವಿಷನ್ ಎಂಬಲ್ಲಿ ಶ್ರೇಣಿ. ಹೈಕೋರ್ಟಿನ ಡಿವಿಷನ್ ಬೆಂಚ್, ಅಂದರೆ ಇಬ್ಬರು ನ್ಯಾಯಮೂರ್ತಿಗಳು ಕೂತು ಕೇಳುವ ಪೀಠ, ವಿಭಾಗೀಯ ಪೀಠ. ಧಾರವಾಡ ಪೀಠ, ಕಲಬುರಗಿ ಪೀಠ ಎಂಬ ಊರಿನ ಹೆಸರಿನ ಪೀಠಗಳು ಬೇರೆ ಅರ್ಥದವು. "ಧಾರವಾಡದ ವಿಭಾಗೀಯ ಪೀಠ" ಎಂದರೆ ಧಾರವಾಡದಲ್ಲಿ ಕೂತ ಇಬ್ಬರ ಪೀಠ. ಜೀವಶಾಸ್ತ್ರದಲ್ಲಿ ಕೋಶ ವಿಭಜನೆ, ಗಣಿತದಲ್ಲಿ ಭಾಗಾಕಾರ.

ಸಂಸತ್ತಿನ ಸುದ್ದಿಯಲ್ಲಿ "ಅಪೊಸಿಷನ್ ಡಿಮ್ಯಾಂಡ್ಸ್ ಡಿವಿಷನ್" ಎಂದು ಓದಿದಾಗ ವಿರೋಧ ಪಕ್ಷ ಏನನ್ನೋ ಇಬ್ಭಾಗ ಮಾಡಲು ಕೇಳಿತು ಎಂದುಕೊಳ್ಳಬೇಡಿ. ಧ್ವನಿಮತ ಸಾಲದು, ಪರ ಎಷ್ಟು ವಿರೋಧ ಎಷ್ಟು ಎಂದು ಎಣಿಸಿ ಎಂಬುದು ಬೇಡಿಕೆ. ಬ್ರಿಟಿಷ್ ಸಂಸತ್ತಿನಲ್ಲಿ ಸದಸ್ಯರು ಎದ್ದು ಪರದವರು ಒಂದು ಮೊಗಸಾಲೆಗೆ, ವಿರೋಧದವರು ಇನ್ನೊಂದಕ್ಕೆ ಹೋಗಿ ಎಣಿಕೆ ಕೊಡುವ ಪದ್ಧತಿಯಿಂದ ಬಂದ ಬಳಕೆ ಇದು.

ಡಿವೈಡ್ ನಾಮಪದವಾದಾಗ ಕಂದರ, ಅಂತರ. ಭೂಗೋಳದಲ್ಲಿ ಅದು ಜಲವಿಭಾಜಕ ಏಣು. ಕುದುರೆಮುಖದ ಸಾಲಿನಲ್ಲಿ ತುಂಗೆ, ಭದ್ರೆ ಪೂರ್ವಕ್ಕೆ ಹರಿದು ಕೊನೆಗೆ ಬಂಗಾಳ ಕೊಲ್ಲಿ ಸೇರುವ ನೀರು. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರದ ನೀರು. ಆ ನೆತ್ತಿಯ ಗೆರೆಯೇ ಡಿವೈಡ್. ಬ್ರಿಟಿಷರು ಅದನ್ನು ವಾಟರ್‌ಶೆಡ್ ಎನ್ನುವುದುಂಟು, ಆದರೆ ನಮ್ಮಲ್ಲಿ ವಾಟರ್‌ಶೆಡ್ ಎಂದರೆ ಜಲಾನಯನ, ನೀರು ಕೂಡುವ ಇಡೀ ಪ್ರದೇಶ. ಆದ್ದರಿಂದ ಆ ನೆತ್ತಿಯ ಗೆರೆಗೆ ಡಿವೈಡ್ ಎಂದೇ ಬರೆಯಿರಿ.

ಅನ್‌ಡಿವೈಡೆಡ್

ಫ್ಲ್ಯಾಟ್ ಕೊಳ್ಳುವವರ ಕ್ರಯಪತ್ರದಲ್ಲಿ ಯುಡಿಎಸ್ ಎಂಬ ಮೂರಕ್ಷರ ಇರುತ್ತದೆ: ಅನ್‌ಡಿವೈಡೆಡ್ ಶೇರ್. ಜಾಗದಲ್ಲಿ ನಿಮಗೆ ಪಾಲಿದೆ, ಆದರೆ ಗೂಟ ನೆಟ್ಟು "ಇದು ನನ್ನದು" ಎಂದು ತೋರಿಸುವಂತಿಲ್ಲ. ಪಾಲು ಕಾಗದದಲ್ಲಿ ಆಗಿದೆ, ನೆಲದಲ್ಲಿ ಆಗಿಲ್ಲ. ಸಾಮಾನ್ಯವಾಗಿ ಲೆಕ್ಕ ಹೀಗೆ: ನಿಮ್ಮ ಫ್ಲ್ಯಾಟಿನ ವಿಸ್ತೀರ್ಣವನ್ನು ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿ, ಜಾಗದ ವಿಸ್ತೀರ್ಣದಿಂದ ಗುಣಿಸಿ. 1,200 ಚದರಡಿಯ ಫ್ಲ್ಯಾಟು, ಒಟ್ಟು 24,000, ಜಾಗ 10,000 ಚದರಡಿ ಆದರೆ ಪಾಲು 500 ಚದರಡಿ. ಪತ್ರದಲ್ಲಿ ಬರೆದ ಅಂಕಿ ಇದಕ್ಕಿಂತ ತೀರ ಕಡಿಮೆ ಇದ್ದರೆ ಸಹಿ ಹಾಕುವ ಮೊದಲು ಕಾರಣ ಕೇಳಿ.

ಇದನ್ನು ಕನ್ನಡಕ್ಕೆ ತರುವಾಗ "ಅವಿಭಾಜ್ಯ" ಎನ್ನುವವರಿದ್ದಾರೆ. ಅವಿಭಾಜ್ಯ ಎಂದರೆ ಭಾಗ ಮಾಡಲು ಆಗದ್ದು, ಇಂಗ್ಲಿಷಿನ ಇನ್‌ಡಿವಿಸಿಬಲ್. ಗಣಿತದ ಅವಿಭಾಜ್ಯ ಸಂಖ್ಯೆಯೂ ಇದೇ ಪದ. ಭಾಗ ಮಾಡಬಹುದು ಆದರೆ ಮಾಡಿಲ್ಲ ಎಂಬುದು ಅವಿಭಕ್ತ, ಅವಿಭಜಿತ; ಅದೇ ಅನ್‌ಡಿವೈಡೆಡ್. ತೆರಿಗೆಯ ಕಾಗದದಲ್ಲಿ ಬರುವ ಹಿಂದೂ ಅವಿಭಕ್ತ ಕುಟುಂಬದಲ್ಲಿ ಆ ಪದ ಸರಿಯಾಗಿಯೇ ಕೂತಿದೆ.

ಉಚ್ಚಾರ, ಕಾಗುಣಿತ

ಒತ್ತು "ವೈ" ಮೇಲೆ: ಡಿ-ವೈಡ್. ಕನ್ನಡದ ನಾಲಿಗೆ ಮೊದಲ ಅಕ್ಷರವನ್ನೇ ಒತ್ತುತ್ತದೆ, ಅದನ್ನು ತಡೆಯಿರಿ. ಡಿವಿಡೆಂಡ್‌ನಲ್ಲಿ ಮಾತ್ರ ಒತ್ತು ಮೊದಲಕ್ಷರಕ್ಕೇ ಬರುತ್ತದೆ. ಡಿವಿಷನ್‌ನ ನಡುವಿನ ಸದ್ದು ಕನ್ನಡ ಅಕ್ಷರಮಾಲೆಯಲ್ಲಿಲ್ಲ. ಷ ಅಲ್ಲ, ಜ ಅಲ್ಲ. ಗಂಟಲ ಮೇಲೆ ಎರಡು ಬೆರಳಿಟ್ಟು "ಶ್" ಎಂದು ಎಳೆಯಿರಿ, ಬೆರಳಿಗೆ ಕಂಪನ ಸಿಗುವುದಿಲ್ಲ. ನಾಲಿಗೆಯನ್ನು ಅಲ್ಲೇ ಇಟ್ಟು ಗಂಟಲಿನ ನಾದ ಸೇರಿಸಿ. ಬೆರಳಿಗೆ ಗುಂಯ್ ಎಂದು ತಾಗಿದಾಗ ಬರುವ ಸದ್ದೇ ಬೇಕಾದ್ದು. ಟೆಲಿವಿಷನ್, ಡಿಸಿಷನ್ ಎಂಬಲ್ಲೂ ಅದೇ.

ಬರೆಯುವಾಗ "ಡಿ" ಆದಮೇಲೆ "ಇ" ಹಾಕುವ ತಪ್ಪು ಬಹಳ ಕಡೆ ಕಾಣುತ್ತದೆ. ಆರೇ ಅಕ್ಷರ: ಡಿ, ಐ, ವಿ, ಐ, ಡಿ, ಇ. ಎರಡು ಐ, "ಇ" ಕೊನೆಯಲ್ಲಿ ಮಾತ್ರ. ಸೆಪರೇಟ್‌ನಲ್ಲಿ "ಪಿ" ಆದಮೇಲೆ "ಎ" ಬರುತ್ತದೆ, "ಇ" ಅಲ್ಲ.

ಕೈ ಪರೀಕ್ಷೆಗೆ ನಾಲ್ಕು ತಪ್ಪು ವಾಕ್ಯ ಇಲ್ಲಿವೆ. ಉತ್ತರ ನೋಡುವ ಮೊದಲು ನೀವೇ ತಿದ್ದಿ: "ಡಿವೈಡ್ ದ ಸ್ವೀಟ್ಸ್ ಟು ಆಲ್ ಚಿಲ್ಡ್ರನ್." "ದ ಸೈಟ್ ಈಸ್ ಡಿವೈಡೆಡ್ ಬೈ ಫೋರ್ ಪಾರ್ಟ್ಸ್." "ದ ಪಾರ್ಟಿ ಸ್ಪ್ಲಿಟೆಡ್ ಲಾಸ್ಟ್ ಇಯರ್." "ಡಿವೈಡ್ ದ ಸ್ಟೋನ್ಸ್ ಫ್ರಮ್ ದ ರೈಸ್."

ಮೊದಲನೆಯದರಲ್ಲಿ ಟು ತೆಗೆದು "ಅಮಾಂಗ್" ಹಾಕಿ, ಇಲ್ಲವೇ ಟು ಉಳಿಸಿಕೊಂಡು ಕ್ರಿಯಾಪದವನ್ನು ಡಿಸ್ಟ್ರಿಬ್ಯೂಟ್ ಮಾಡಿ. ಎರಡನೆಯದಕ್ಕೆ "ಇನ್‌ಟು". ಮೂರನೆಯದು "ಸ್ಪ್ಲಿಟ್". ನಾಲ್ಕನೆಯದರಲ್ಲಿ ಫ್ರಮ್ ಸರಿಯಾಗಿದೆ, ಕ್ರಿಯಾಪದ "ಸೆಪರೇಟ್" ಆಗಬೇಕು.